ಅಂಗಡಿಗಳ ಹೊರಗೆ, ರಾಗಿಯ ಜೊತೆ

ಶುಕ್ರವಾರ

ಮಗಳ ಮದುವೆಗೆ ಜವಳಿ ತೆಗೆಯುವುದಿದೆ, ನೀವಿಬ್ಬರೂ ಬರಲೇಬೇಕು ಎಂದು ದಾವಣಗೆರೆಯಿಂದ ಅಕ್ಕ ಫೋನು ಮಾಡಿದಾಗ ನನಗೆ ಮೊದಲು ಬಂದ ಯೋಚನೆ ರಾಗಿಯದು. ಏಳು ವರ್ಷದ ಹಿಂದೆ ತುಮಕೂರಿನ ಅಮಾನಿಕೆರೆಯ ಹತ್ತಿರ ಮಳೆಯಲ್ಲಿ ನೆನೆಯುತ್ತಿದ್ದ ನಾಡುನಾಯಿಯ ಮರಿಯೊಂದನ್ನು ಮನೆಗೆ ತಂದಿದ್ದೆ. ಮೈಬಣ್ಣ ಹುರಿದ ರಾಗಿಯದಾದ್ದರಿಂದ ಹೆಸರೂ ಅದೇ ಆಯಿತು. ಪ್ರತಿ ಸಲ ಅವಳನ್ನು ನೋಡಿಕೊಳ್ಳುವ ಪಕ್ಕದ ಮನೆಯವರು ಈ ಸಲ ಊರಿನಲ್ಲಿರಲಿಲ್ಲ. "ಅದನ್ನೂ ಕರ್ಕೊಂಡೇ ಬಾರೆ, ನಮ್ಮನೇಲಿ ಜಾಗ ಇಲ್ವಾ?" ಎಂದು ಅಕ್ಕ ಅಂದದ್ದೇ ತಡ, ಡಿಸೆಂಬರ್ ಮೊದಲ ವಾರದ ಆ ಶುಕ್ರವಾರ ತಮ್ಮನ ಕಾರಿನ ಹಿಂದಿನ ಸೀಟಿಗೆ ಹಳೆಯ ಕಂಬಳಿ ಹಾಸಿ ಮೂವರೂ ಹೊರಟೆವು.

ತುಮಕೂರಿನಿಂದ ದಾವಣಗೆರೆಗೆ ಸುಮಾರು 190 ಕಿಲೋಮೀಟರು. ಹೊರಡುವುದಕ್ಕೆ ನಾಲ್ಕು ಗಂಟೆ ಮೊದಲೇ ರಾಗಿಗೆ ಊಟ ಹಾಕಿ ಮುಗಿಸಿದ್ದೆ. ಹೊಟ್ಟೆ ತುಂಬಿದ ನಾಯಿಗೆ ಕಾರಿನಲ್ಲಿ ವಾಂತಿಯಾಗುವುದನ್ನು ಹಿಂದೆ ಒಮ್ಮೆ ಕಂಡಿದ್ದರಿಂದ ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಸರ್ವಿಸ್ ರಸ್ತೆಯ ಮೇಲೆ ರೈತರು ರಾಗಿ ತೆನೆ ಹರವಿದ್ದರು. ಅಲ್ಲಿ ನೀರು ಕುಡಿಸಲು ಇಳಿಸಿದಾಗ ತೆನೆಯ ರಾಶಿಯ ಪಕ್ಕ ನಿಂತ ನಾಯಿಯನ್ನು ಒಂದು ಕ್ಷಣ ಕಣ್ಣಿಗೆ ಬೇರ್ಪಡಿಸಿಕೊಳ್ಳಲಾಗಲಿಲ್ಲ, ಬಣ್ಣ ಅಷ್ಟು ಒಂದಾಗಿತ್ತು. ಕತ್ತಲಾಗುವ ಹೊತ್ತಿಗೆ ವಿದ್ಯಾನಗರದ ಅಕ್ಕನ ಮನೆ ಸೇರಿದೆವು.

ಶನಿವಾರ

ದಾವಣಗೆರೆಯಲ್ಲಿ ಬೆಳಗು ಎಂದರೆ ಬೆಣ್ಣೆ ದೋಸೆ, ಅದರಲ್ಲಿ ನಮ್ಮ ಮನೆಯವರಿಗೆ ಎರಡು ಮಾತಿಲ್ಲ. ಆದರೆ ನಾಯಿ ಜೊತೆಗಿದ್ದಾಗ ಹೋಟೆಲಿನ ಲೆಕ್ಕ ಬೇರೆ. ಕಾರಿನೊಳಗೆ ಬಿಟ್ಟು ಹೋಗುವ ಮಾತನ್ನು ನಾನು ಯಾರ ಬಾಯಿಂದಲೂ ಕೇಳುವವಳಲ್ಲ, ಏಕೆಂದರೆ ಬಿಸಿಲಿಗೆ ನಿಂತ ಮುಚ್ಚಿದ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಿಬಿಡುತ್ತದೆ, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೂ ಅದು ಹೆಚ್ಚೇನೂ ತಗ್ಗುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವ ಅನುಕೂಲವೂ ಇಲ್ಲ, ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಹಾಗಾಗಿ ಸರದಿ ಮಾಡಿಕೊಂಡೆವು: ಮೊದಲು ಅಕ್ಕ ಮತ್ತು ತಮ್ಮ ಒಳಗೆ, ನಾನು ಮತ್ತು ರಾಗಿ ಹೊರಗೆ. ಆ ದಿನ ಪೂರ್ತಿ ಹೆಚ್ಚುಕಡಿಮೆ ಇದೇ ಏರ್ಪಾಡಾಯಿತು, ಮತ್ತು ಇಪ್ಪತ್ತು ವರ್ಷಗಳಿಂದ ಬಂದು ಹೋಗುತ್ತಿರುವ ಊರನ್ನು ನಾನು ಸರಿಯಾಗಿ ನೋಡಿದ್ದು ಹೀಗೆ ಅಂಗಡಿಗಳ ಹೊರಗೆ ನಿಂತಾಗಲೇ.

ದೋಸೆ ಹೋಟೆಲಿನ ಬಾಗಿಲಲ್ಲಿ ಸೌದೆಯ ಹೊಗೆಯೂ ಬೆಣ್ಣೆ ಕಾದ ವಾಸನೆಯೂ ಒಟ್ಟಿಗೆ ಬರುತ್ತಿದ್ದವು. ರಾಗಿ ಮೂಗನ್ನು ಮೇಲೆತ್ತಿ ಕಣ್ಣು ಅರ್ಧ ಮುಚ್ಚಿ ಕುಳಿತಿದ್ದಳು. ಸರದಿಗೆ ಕಾಯುತ್ತಿದ್ದ ಹಿರಿಯರೊಬ್ಬರು "ಹೆಸರೇನ್ರೀ ಅಮ್ಮಾ ಇದಕ್ಕೆ?" ಎಂದು ಕೇಳಿದರು. ಹೇಳಿದೆ. ಅವರು ನಕ್ಕು, "ನಮ್ಮ ಕಡೆ ಹುಟ್ಟಿದ್ರೆ ಮೆಕ್ಕೆಜೋಳ ಅಂತ ಇಡ್ತಿದ್ವಿ ನೋಡ್ರಿ" ಎಂದರು. ಸುತ್ತಲ ಹೊಲಗಳನ್ನು ನೋಡಿದವರಿಗೆ ಆ ಮಾತು ಎಷ್ಟು ಸರಿ ಎಂದು ಗೊತ್ತು. ಆಮೇಲೆ ಅವರೇ ಈ ದೋಸೆಯ ಕಥೆ ಹೇಳಿದರು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕದ ಥಿಯೇಟರಿನ ಹೊರಗೆ ದೋಸೆ ಹಾಕಲು ಕುಳಿತಳಂತೆ, ಮೊದಮೊದಲು ಹಾಕುತ್ತಿದ್ದುದು ರಾಗಿ ಹಿಟ್ಟಿನ ದೋಸೆಯಂತೆ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು ಬಂದದ್ದು ಆಮೇಲೆ, ಅವಳ ಮಕ್ಕಳ ಕಾಲಕ್ಕೆ. "ಅಂದ್ರೆ ನಿಮ್ಮ ರಾಗೀದು ಈ ಊರಿಗೆ ಹಳೇ ಸಂಬಂಧ" ಎಂದು ಅವರು ಮಾತು ಮುಗಿಸುವ ಹೊತ್ತಿಗೆ ಒಳಗಿನಿಂದ ಕರೆ ಬಂತು.

ನನ್ನ ಸರದಿ ಬಂದಾಗ ಎರಡು ಬೆಣ್ಣೆ ದೋಸೆ, ತೆಂಗಿನಕಾಯಿ ಚಟ್ನಿ, ಮೆತ್ತಗಿನ ಆಲೂಗಡ್ಡೆ ಪಲ್ಯ. ದೋಸೆಯ ಅಂಚು ಗರಿಗರಿ, ನಡುವೆ ಹತ್ತಿಯಂಥ ಮೃದು, ಮೇಲೆ ಕರಗುತ್ತಿರುವ ಬೆಣ್ಣೆಯ ಮುದ್ದೆ. ಹೊರಗೆ ಬಂದಾಗ ತಮ್ಮ ರಾಗಿಗೆ ಒಂದು ತುಂಡು ಕೊಡಲು ಕೈಯಲ್ಲಿ ಹಿಡಿದಿದ್ದ. ಅದನ್ನು ಬಿಡಿಸಿದೆ. ಬೆಣ್ಣೆಯ ಜಿಡ್ಡು ನಾಯಿಯ ಮೇದೋಜೀರಕವನ್ನು ಕೆಡಿಸಬಲ್ಲದು, ಪಲ್ಯದೊಳಗಿನ ಈರುಳ್ಳಿಯಂತೂ ಅದರ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಪ್ರೀತಿಯಿಂದ ಕೊಡುವ ತುತ್ತೇ ವಿಷವಾಗುವುದು ಬೇಡ ಎಂದು ಮನೆಯಿಂದ ಡಬ್ಬಿಯಲ್ಲಿ ತಂದಿದ್ದ, ಉಪ್ಪು ಹಾಕದ ಅನ್ನ ಮತ್ತು ಬೇಯಿಸಿದ ಕ್ಯಾರೆಟ್ಟನ್ನು ಕೊಟ್ಟೆ.

ಹತ್ತು ಗಂಟೆಗೆ ಪೇಟೆಗೆ ಬಂದೆವು. ಮೊದಲು ಚೌಕಿಪೇಟೆಯಲ್ಲಿ ಒಂದು ಪಾತ್ರೆ ಅಂಗಡಿ, ಮದುವೆಯ ಪಾತ್ರೆಗಳ ಜೊತೆ ರಾಗಿಗೂ ಅಗಲ ತಳದ ಒಂದು ಸ್ಟೀಲ್ ಬಟ್ಟಲು. ಅಂಗಡಿಯವರು ಅದನ್ನು ಕೆಳಗಿಟ್ಟು ನೀರು ತುಂಬಿಸಿ, "ಮೊದ್ಲು ಅದು ಕುಡೀಲಿ, ಒಪ್ಪಿದ್ರೆ ತಗೊಳ್ಳಿ" ಎಂದರು. ರಾಗಿ ಕುಡಿದಳು. ಅಲ್ಲಿಂದ ಜವಳಿ ಅಂಗಡಿ. ಬಟ್ಟೆಯ ವ್ಯಾಪಾರಕ್ಕೆ ಸುತ್ತಲಿನ ಊರುಗಳಿಂದೆಲ್ಲ ಜನ ದಾವಣಗೆರೆಗೇ ಬರುತ್ತಾರೆ, ಮದುವೆಯ ಸೀಸನ್ನಿನಲ್ಲಿ ಮೆಟ್ಟಿಲ ಮೇಲೂ ಕಾಲಿಡಲು ಜಾಗವಿರುವುದಿಲ್ಲ. ಅಕ್ಕ ಮತ್ತು ತಮ್ಮ ಒಳಗೆ ಹೋದರು. ನಾನು ಎದುರಿನ ಮುಚ್ಚಿದ ಅಂಗಡಿಯ ನೆರಳಲ್ಲಿ ರಾಗಿಯೊಡನೆ ಕುಳಿತೆ.

ಒಂದೂವರೆ ಗಂಟೆಯಲ್ಲಿ ಎಷ್ಟು ಜನ ಬಂದು ಮಾತಾಡಿದರೋ! ನಿಂಬೆಹಣ್ಣು ಮಾರುವಾಕೆ "ಇಂಜೆಕ್ಷನ್ ಹಾಕ್ಸೀರೇನ್ರಿ?" ಎಂದು ಕೇಳಿದಳು. ಕೇಳುವುದು ಅವಳ ಹಕ್ಕು, ನಾಯಿ ಕಚ್ಚಿದರೆ ಏನಾಗುತ್ತದೆಂದು ಪೇಟೆಯಲ್ಲಿ ದುಡಿಯುವವರಿಗೆ ಚೆನ್ನಾಗಿ ಗೊತ್ತು. ರೇಬೀಸ್ ಲಸಿಕೆಯ ಪುಸ್ತಕವನ್ನು ನಾನು ಚೀಲದ ಹೊರಗಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ತೆಗೆದು ಈ ವರ್ಷದ ಮುದ್ರೆ ತೋರಿಸಿದಾಗ ಅವಳ ಮುಖ ಸಡಿಲಾಯಿತು, ಜೊತೆಗಿದ್ದ ಮೊಮ್ಮಗನನ್ನು ಮುಂದೆ ಬಿಟ್ಟಳು. ಹುಡುಗ ಹೆದರಿದ್ದ. ಮೇಲಿನಿಂದ ತಲೆ ಮುಟ್ಟಬೇಡ, ಮುಷ್ಟಿ ಕಟ್ಟಿ ಕೆಳಗೆ ಹಿಡಿ, ಅವಳೇ ಮೂಸಲಿ ಎಂದು ಹೇಳಿಕೊಟ್ಟೆ. ಹಾಗೇ ಮಾಡಿದ. ಕೈಗೆ ತಣ್ಣನೆಯ ಮೂಗು ತಗುಲಿದಾಗ ಅವನು ನಕ್ಕ ನಗು ನನಗೆ ಇನ್ನೂ ನೆನಪಿದೆ.

ಅಷ್ಟರಲ್ಲಿ ಮದುವೆಯ ಮೆರವಣಿಗೆಯೊಂದು ಆ ಬೀದಿಗೆ ತಿರುಗಿತು. ಬ್ಯಾಂಡಿನ ಸದ್ದಿಗೆ ರಾಗಿ ಕಿವಿ ಹಿಂದಕ್ಕೆ ಒರಗಿಸಿದಾಗಲೇ ನಾನು ಎದ್ದು ಬೇರೆ ಕಡೆ ಹೋಗಬೇಕಿತ್ತು. ಪಟಾಕಿಯ ಸರ ಸಿಡಿದದ್ದೇ ಅವಳು ಹಿಂದಕ್ಕೆ ಎಳೆದಳು, ಕೊರಳಪಟ್ಟಿ ತಲೆಯ ಮೇಲಿಂದ ಜಾರಿತು, ನನ್ನ ಕೈಯಲ್ಲಿ ಖಾಲಿ ಹಗ್ಗ ಉಳಿಯಿತು. ಚಳಿಗಾಲಕ್ಕೆ ಸ್ವಲ್ಪ ಸಡಿಲ ಬಿಟ್ಟಿದ್ದ ಪಟ್ಟಿ ಅದು. ಎರಡು ಬೆರಳು ಮಾತ್ರ ತೂರುವಷ್ಟು ಬಿಗಿಯಾಗಿರಬೇಕೆಂದು ಗೊತ್ತಿದ್ದೂ ಆ ಬೆಳಿಗ್ಗೆ ನೋಡಿರಲಿಲ್ಲ.

ಮುಂದಿನ ಮುಕ್ಕಾಲು ಗಂಟೆ ಕೇಳುತ್ತ ಓಡಿದೆ, ಓಡುತ್ತ ಕೇಳಿದೆ. ಹಣ್ಣಿನವರು ಒಂದು ಓಣಿ ತೋರಿಸಿದರು, ಆಟೋದವರು ಇನ್ನೊಂದು. ತಮ್ಮನಿಗೆ ಫೋನು ಮಾಡಿ ಕಾರಿನ ಹತ್ತಿರವೇ ನಿಲ್ಲಲು ಹೇಳಿದೆ, ತಪ್ಪಿಸಿಕೊಂಡ ನಾಯಿ ಹೊರಟ ಜಾಗಕ್ಕೇ ಮರಳುವುದುಂಟು. ಕೊನೆಗೆ ಹಳೆಯ ಊರಿನ ಮಂಡಕ್ಕಿ ಭಟ್ಟಿಗಳ ಕಡೆ ಬಂದಿದ್ದೆ. ಮಧ್ಯಾಹ್ನದ ನಮಾಜಿಗೆ ಹೊರಟಿದ್ದ ಹಿರಿಯರೊಬ್ಬರು ನನ್ನ ಕೈಯ ಹಗ್ಗ ನೋಡಿ ತಾವೇ ನಿಂತು, "ಕಂದು ಬಣ್ಣದ್ದಾ ಅಮ್ಮಾ? ಆ ಚೀಲಗಳ ಹಿಂದೆ ಐತೆ, ಹೆದರಿದೆ ಪಾಪ, ಓಡ್ಬೇಡಿ" ಎಂದರು. ಒಗೆದ ಬಟ್ಟೆಗೆ ನಾಯಿಯ ಜೊಲ್ಲು ತಾಕಬಾರದೆಂದು ಅವರು ದೂರದಲ್ಲೇ ನಿಂತಿದ್ದರು, ಆದರೂ ಒಬ್ಬ ಹುಡುಗನನ್ನು ಕರೆದು ಬೋಗುಣಿಯಲ್ಲಿ ನೀರು ತರಿಸಿದ ಮೇಲೆಯೇ ಮುಂದಕ್ಕೆ ಹೋದರು. ಭತ್ತದ ಚೀಲಗಳ ಸಂದಿಯಲ್ಲಿ ರಾಗಿ ಬಾಲ ಮಡಚಿ ನಡುಗುತ್ತಿದ್ದಳು. ನಾನು ಅವಳ ಎದುರು ಹೋಗದೆ ಪಕ್ಕಕ್ಕೆ ಮುಖ ತಿರುಗಿಸಿ ನೆಲದ ಮೇಲೆ ಕುಳಿತೆ. ಬಹಳ ಹೊತ್ತಾದ ಮೇಲೆ ಮೊಣಕೈಯ ಕೆಳಗೆ ಮೂಗು ತೂರಿತು.

ಭಟ್ಟಿಯ ಬೆಳಗಿನ ಕೆಲಸ ಮುಗಿದಿತ್ತು. ನನ್ನ ಕೈ ನಡುಕ ನಿಲ್ಲುವವರೆಗೆ ಅಲ್ಲಿನ ಹೆಂಗಸರು ಕೂರಿಸಿಕೊಂಡರು. ಭತ್ತವನ್ನು ನೆನೆಸಿ, ಕಾಯಿಸಿ, ಒಣಗಿಸಿ, ಮಿಲ್ಲಿನಲ್ಲಿ ಹೊಟ್ಟು ಬಿಡಿಸಿ, ಆ ಅಕ್ಕಿಗೆ ಉಪ್ಪುನೀರು ಕಲಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿದಾಗ ಅರಳುವ ಮಂಡಕ್ಕಿಗೆ ಇಷ್ಟು ಕೈಗಳ ಕೆಲಸ ಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಅದೆಲ್ಲ ಬೆಂಕಿಯ ಎದುರಿನ ಕೆಲಸ. ಒಬ್ಬಾಕೆ ಬಿಸಿ ಆರದ ಮಂಡಕ್ಕಿಯನ್ನು ಬೊಗಸೆಯಲ್ಲಿ ತಂದು ಕೊಟ್ಟಳು. ಉಪ್ಪಿನದಾದ್ದರಿಂದ ರಾಗಿಗೆ ನಾಲ್ಕೇ ಕಾಳು, ಉಳಿದದ್ದು ನನಗೆ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

ವಾಪಸು ಬರುವಾಗ ನೆತ್ತಿಯ ಬಿಸಿಲು. ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡು ಇಟ್ಟು ನೋಡಿದೆ, ತಡೆಯಲಾಗಲಿಲ್ಲ. ನಮಗೆ ತಡೆಯದ ರಸ್ತೆ ಅದರ ಪಾದಕ್ಕೂ ತಡೆಯದು. ಆಟೋ ಹಿಡಿದು ನೇರ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಎದೆಗೆ ಹಾಕುವ ಪಟ್ಟಿ ಕೊಂಡೆ. ಅಂಗಡಿಯಲ್ಲಿ ಹಾರ್ನೆಸ್ ಎಂದು ಕೇಳಬೇಕು, ಮುಂಗಾಲುಗಳ ಹಿಂದೆ ಸುತ್ತಿ ಬರುವುದರಿಂದ ನಾಯಿ ಹಿಂದಕ್ಕೆ ಎಳೆದರೂ ಅದು ಕೊರಳಪಟ್ಟಿಯಷ್ಟು ಸುಲಭಕ್ಕೆ ಕಳಚುವುದಿಲ್ಲ. ಕೊರಳಪಟ್ಟಿಗೆ ನನ್ನ ಫೋನ್ ನಂಬರು ಕೆತ್ತಿದ ಒಂದು ಬಿಲ್ಲೆಯನ್ನೂ ಸೇರಿಸಿದೆ. ಇದನ್ನು ಏಳು ವರ್ಷ ಮಾಡದೆ ಇದ್ದದ್ದು ದೊಡ್ಡ ತಪ್ಪು. ಕುದುರೆಗಳನ್ನು ಕಟ್ಟುತ್ತಿದ್ದ ದಾವಣಿಯಿಂದಲೇ ಈ ಊರಿಗೆ ದಾವಣಗೆರೆ ಎಂಬ ಹೆಸರು ಬಂತೆಂಬ ಮಾತನ್ನು ಅಕ್ಕ ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ನೆನಪಿಸಿದಳು, ನನ್ನ ಮನಸ್ಸು ಹಗುರಾಗಲಿ ಎಂದು.

ಸಂಜೆ ಕುಂದುವಾಡ ಕೆರೆ. ಪಕ್ಕದಲ್ಲೇ ಗಾಜಿನ ಮನೆಯ ಉದ್ಯಾನ, ಲಾಲ್‌ಬಾಗಿನದನ್ನು ನೆನಪಿಸುವ ಅದರ ಕಮಾನುಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಅಕ್ಕ ಮತ್ತು ತಮ್ಮ ಅಲ್ಲಿಗೆ ಹೋದರು, ಶನಿವಾರದ ಮಕ್ಕಳ ಗದ್ದಲದೊಳಗೆ ಹೆದರಿದ ನಾಯಿಯನ್ನು ಒಯ್ಯಲು ನನಗೆ ಮನಸ್ಸಾಗದೆ ನಾವಿಬ್ಬರು ಏರಿಯ ಮೇಲೆ ನಡೆದೆವು. ಭದ್ರಾ ನಾಲೆಯಿಂದ ತುಂಬುವ, ಊರಿಗೆ ಕುಡಿಯುವ ನೀರು ಕೊಡುವ ಕೆರೆ ಇದು, ಆದ್ದರಿಂದ ರಾಗಿಯನ್ನು ನೀರಿನ ಅಂಚಿಗೂ ಇಳಿಸಲಿಲ್ಲ, ಅವಳು ಕೊಳೆ ಮಾಡಿದ್ದನ್ನು ಚೀಲದಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದೆ. ಅರ್ಧ ದಾರಿಯಲ್ಲಿ ಬೀದಿನಾಯಿಗಳ ಗುಂಪೊಂದು ಎದುರಾಯಿತು. ಹಗ್ಗವನ್ನು ಗಿಡ್ಡವಾದರೂ ಬಿಗಿಯದೆ ಹಿಡಿದು, ಓಡದೆ, ಅವುಗಳ ಕಣ್ಣು ನೋಡದೆ ಪಕ್ಕಕ್ಕೆ ಸರಿದು ನಿಂತೆ. ನಾಲ್ಕು ಸಲ ಬೊಗಳಿ ಅವು ತಮ್ಮ ಗಡಿಯ ತನಕ ನಮ್ಮನ್ನು ಬಿಟ್ಟುಬಂದವು.

ಕಲ್ಲುಬೆಂಚಿನ ಮೇಲೆ ಕುಳಿತಿದ್ದ ವೃದ್ಧರು ಇದನ್ನೆಲ್ಲ ನೋಡಿ, "ಬರ್ರಿ, ಕುಂದರ್ರಿ" ಎಂದು ಜಾಗ ಬಿಟ್ಟರು. ಹತ್ತಿ ಗಿರಣಿಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ದಿನಗಳಲ್ಲಿ ಅವರು ಗಿರಣಿಯ ಕಾರ್ಮಿಕರು. "ರಾತ್ರಿ ಪಾಳಿ ಬಿಟ್ಟಾಗ ಗೇಟಿನ ಮುಂದೆ ಎಂಟ್ಹತ್ತು ನಾಯಿ ಕಾಯ್ತಿದ್ವು. ಡಬ್ಬಿ ತಳದಾಗೆ ಒಂದು ತುತ್ತು ಉಳಿಸ್ಕೊಂಡು ಬರೋದು ನಮ್ಮ ರೂಢಿ. ಒಬ್ಬೊಬ್ಬರನ್ನ ಒಂದೊಂದು ನಾಯಿ ಮನೆ ತನಕ ಬಿಟ್ಟು ಬರೋದು. ಗಿರಣಿ ಮುಚ್ಚಿದ ಮೇಲೂ ಒಂದಷ್ಟು ದಿನ ಬಂದು ಕುಂತಿರ್ತಿದ್ವಂತೆ. ನಾನು ನೋಡಾಕೆ ಹೋಗ್ಲಿಲ್ರಿ, ಆಗ್ಲಿಲ್ಲ." ಅವರು ಕೈ ಚಾಚಿದರು. ಅಪರಿಚಿತರಿಗೆ ಸುಲಭವಾಗಿ ಒಲಿಯದ ರಾಗಿ ಅವರ ಮೊಣಕಾಲಿಗೆ ಗದ್ದ ಆನಿಸಿದಳು. ತಮ್ಮ ತಂದ ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿಯ ಪೊಟ್ಟಣಗಳನ್ನು ಬಿಚ್ಚಿ ಕತ್ತಲಾಗುವವರೆಗೆ ಅಲ್ಲೇ ಕುಳಿತೆವು.

ಭಾನುವಾರ

ಬೆಳಿಗ್ಗೆ ಬೇಗ ಹೊರಟು, ಊರಿಗೆ ಹೋಗುವ ದಾರಿಯಲ್ಲಿ ಚಿತ್ರದುರ್ಗದ ಚಂದ್ರವಳ್ಳಿ ನೋಡುವುದೆಂದಿತ್ತು. ಕೋಟೆಯ ಯೋಚನೆಯೇ ಇರಲಿಲ್ಲ. ಅಲ್ಲಿನ ಬಂಡೆಗಳು ಬೇಗ ಕಾಯುತ್ತವೆ, ಕೋತಿಗಳ ಹಿಂಡುಗಳಿವೆ, ನಾಯಿಗೂ ಕೋತಿಗೂ ಆಗಿಬರುವುದಿಲ್ಲ.

ಆನಗೋಡು ದಾಟಿ ಭರಮಸಾಗರದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ರಾಗಿಯನ್ನು ಹೊಲದ ಬದುವಿನ ಕಡೆ ಕರೆದೊಯ್ದೆ. ಹತ್ತು ಹೆಜ್ಜೆಯಲ್ಲೇ ಅವಳು ಕುಯ್ಯೆಂದು ಮುಂಗಾಲು ಎತ್ತಿದಳು. ಬಳ್ಳಾರಿ ಜಾಲಿಯ ಮುಳ್ಳು ಪಾದದ ಮೆತ್ತೆಯೊಳಗೆ ಮುರಿದು ಕೂತಿತ್ತು. ಉಗುರಿನಿಂದ ಹಿಡಿಯಲು ಹೋದರೆ ಇನ್ನೂ ಒಳಕ್ಕೆ ಸರಿಯಿತು. ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರು, ಹೆಗಲ ಮೇಲೆ ಕಂಬಳಿ, ನಿಧಾನಕ್ಕೆ ಬಂದರು. ಅವರ ಹಿಂದೆ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿದ ಎತ್ತರದ ನಾಯಿ. "ಗಟ್ಟಿಯಾಗಿ ಹಿಡ್ಕಳವ್ವ, ಬಾಯತ್ರ ಕೈ ಇಡಬ್ಯಾಡ, ನೋವಿಗೆ ನಿನ್ನೇ ಕಚ್ಚೀತು" ಎಂದು ಉಡಿದಾರಕ್ಕೆ ಕಟ್ಟಿದ್ದ ಚಿಮುಟ ಬಿಚ್ಚಿದರು. ಎರಡೇ ಸಲಕ್ಕೆ ಮುಳ್ಳು ಹೊರಬಂತು. ತುದಿ ಮುರಿದಿಲ್ಲವೆಂದು ಅಂಗೈ ಮೇಲಿಟ್ಟು ನನಗೂ ತೋರಿಸಿದರು.

ಅವರ ನಾಯಿ ಅಷ್ಟು ಹೊತ್ತೂ ಕುರಿಗಳಿಗೆ ಅಡ್ಡವಾಗಿ ನಿಂತೇ ಇತ್ತು, ಒಮ್ಮೆಯೂ ನಮ್ಮತ್ತ ಬರಲಿಲ್ಲ. ಆ ಮುಳ್ಳಿನ ಪಟ್ಟಿ ತೋಳಕ್ಕಾಗಿ: ತೋಳ ಹಿಡಿಯುವುದು ಕುತ್ತಿಗೆಯನ್ನೇ. ಹೋದ ವರ್ಷದ ನಾಯಿಗೆ ಪಟ್ಟಿ ಇರಲಿಲ್ಲ ಎಂದು ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ರಾಗಿಯ ಕಿವಿಗಳನ್ನು ಮಗುಚಿ ನೋಡಿ, "ಕುರಿ ಅಡ್ಡಾಡೋ ಜಾಗ ಇದು, ಉಣ್ಣೆ ಹುಳ ಹತ್ತಿರ್ತೈತೆ. ಈಗ ಕಾಣಾಕಿಲ್ಲ. ಮೂರು ದಿನ ಕಿವಿ ಸಂದಿ, ಬೆರಳ ಸಂದಿ ನೋಡ್ತಿರು" ಎಂದರು. ಚಹಾ ಕುಡಿದರು, ದುಡ್ಡು ಮುಟ್ಟಲಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ದೂರದಿಂದಲೇ ಕಂಡಿತು. ಚಂದ್ರವಳ್ಳಿಯಲ್ಲಿ ತಮ್ಮ ಅಂಕಲಿ ಮಠದ ಗುಹೆಗಳಿಗೆ ಇಳಿದ. ಕುಂಟುತ್ತಿದ್ದ ರಾಗಿಯನ್ನು ನಾನು ಕೆರೆಯ ಕಡೆಗೆ ಎತ್ತಿಕೊಂಡೇ ಹೋದೆ, ಹದಿನೇಳು ಕಿಲೋ ಸಣ್ಣ ಭಾರವಲ್ಲ. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಆ ಜಾಗ ಪುಸ್ತಕದಿಂದ ಪರಿಚಿತ. ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ನಾಲ್ಕನೆಯ ಶತಮಾನದ ಶಾಸನವಿದೆ. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಪ್ರಾಕೃತದ ಮೂರು ಸಾಲುಗಳು ಹೇಳುವುದು ಕೆರೆಯ ವಿಚಾರವನ್ನೇ. ಇದೇ ನೆಲದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು, ರೋಮನ್ ನಾಣ್ಯಗಳೂ ಇಲ್ಲಿ ದೊರೆತಿವೆ.

ನೆರಳಲ್ಲಿ ಕುಳಿತಿದ್ದಾಗ ಹೂವಿನ ಬುಟ್ಟಿಯ ಅಜ್ಜಿಯೊಬ್ಬರು ಗುಡಿಯಿಂದ ಬಂದರು. ನಾಯಿ ಕಂಡು ಬೈಯುತ್ತಾರೇನೋ ಎಂದು ನಾನು ಎದ್ದು ನಿಂತೆ. ಅವರು ಮಾತ್ರ, "ಎದ್ಯಾಕವ್ವ, ಭೈರಪ್ಪನ ವಾಹನ ಅಲ್ವೇನು, ಅದು ಕುಂತಿರ್ಲಿ" ಎಂದು ಒಂದು ಚೆಂಡುಹೂವನ್ನು ರಾಗಿಯ ಎದೆಪಟ್ಟಿಗೆ ಸಿಕ್ಕಿಸಿದರು. ಅವರಿಗೆ ನಾನು ಆತಕೂರಿನ ಕಲ್ಲಿನ ಕಥೆ ಹೇಳಿದೆ. ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಏನು ಬೇಕು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಹತ್ತನೆಯ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿ ಮತ್ತು ಹಂದಿಯ ಕಾಳಗ ಅದರ ಮೇಲೆ ಇಂದಿಗೂ ಕಾಣುತ್ತದೆ. ಅಜ್ಜಿ ಪೂರ್ತಿ ಕೇಳಿ, "ಪೂಜೆ ಮಾಡ್ತಾರಾ ಅದಕ್ಕೆ ಅಲ್ಲಿ?" ಎಂದರು. ಆ ನಾಯಿಗೂ ಪೂಜೆ ಆಗುವಂತೆ ಅಂದು ಭೂಮಿಯನ್ನೇ ಬಿಟ್ಟುಕೊಟ್ಟಿದ್ದರು, ಈಗ ಮ್ಯೂಸಿಯಮ್ಮಿನಲ್ಲಿ ಬರೀ ನೋಡುತ್ತಾರೆ ಎಂದೆ. ಅಜ್ಜಿಗೆ ಅದು ಸಮಾಧಾನವಾಗಲಿಲ್ಲ.

ತಮ್ಮ ಬಂದ ಮೇಲೆ ಹೊರಟೆವು. ಹಿರಿಯೂರು, ಶಿರಾ, ಸಂಜೆಗೆ ತುಮಕೂರು. ರಾಗಿ ದಾರಿಯುದ್ದಕ್ಕೂ ನಿದ್ದೆ ಮಾಡಿದಳು, ಒಮ್ಮೆ ಮಾತ್ರ ನಿದ್ದೆಯಲ್ಲೇ ಕಾಲು ಓಡಿಸಿದಳು.

ಮನೆಗೆ ಬಂದ ಮೇಲೆ ದಿನಾ ಎರಡು ಹೊತ್ತು ಅವಳ ಕಿವಿಯ ಸಂದಿ, ಬೆರಳ ಸಂದಿ ನೋಡಿದೆ. ಮೊದಲ ದಿನ ಏನೂ ಇರಲಿಲ್ಲ, ಎರಡನೆಯ ದಿನವೂ ಇರಲಿಲ್ಲ. ಬುಧವಾರ ಬೆಳಿಗ್ಗೆ, ಎಡಗಿವಿಯ ಮಡಿಕೆಯೊಳಗೆ ಸಾಸಿವೆ ಕಾಳಿನಷ್ಟು ಒಂದು ಉಣ್ಣೆ ಸಿಕ್ಕಿತು. ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ, ನೇರ ಎಳೆದು ತೆಗೆದೆ. ತೆಗೆದದ್ದು ಊರಿಗೆ ಬಂದ ಸಂಜೆಯೇ ಸಂತೆಯಲ್ಲಿ ಹುಡುಕಿ ಕೊಂಡ, ಆ ಕುರಿಯವರ ಬಳಿ ಇದ್ದಂಥದೇ ಒಂದು ಚಿಮುಟದಿಂದ.